ಹಿಮ್ಮಡಿ ನೋಡಿ, ಪಟ್ಟಿ ಕೇಳಿ: ಹಿರಿಯರ ಆರೈಕೆ ಕೇಂದ್ರದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಪಾರ್ಶ್ವವಾಯು ಹೊಡೆದ ನಮ್ಮ ತಾಯಿಯನ್ನು (78) ನಾಲ್ಕು ತಿಂಗಳಿಂದ ಒಂದು ಆರೈಕೆ ಕೇಂದ್ರದಲ್ಲಿ ಇಟ್ಟಿದ್ದೇವೆ. ಮೊನ್ನೆ ಬಟ್ಟೆ ಬದಲಿಸುವಾಗ ಬೆನ್ನಿನ ಬುಡದಲ್ಲಿ ರೂಪಾಯಿಯಗಲದ ಕಪ್ಪು ಕಲೆ ಕಂಡಿತು. ‘ಏರ್ ಬೆಡ್ ಹಾಕಿದ್ದೀವಲ್ಲ, ವಯಸ್ಸಾದವರಿಗೆ ಇದೆಲ್ಲ ಸಹಜ’ ಎಂದರು. ಹೌದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸಹಜವಲ್ಲ. ಹಾಸಿಗೆ ಹುಣ್ಣುಗಳಲ್ಲಿ ಹೆಚ್ಚಿನವನ್ನು ತಡೆಯಬಹುದು. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಮಾಂಸಕ್ಕೆ ರಕ್ತ ಹರಿಯದೆ ಅದು ಒಳಗಿನಿಂದಲೇ ಸಾಯುತ್ತಾ ಬರುತ್ತದೆ. ಹಾಗಾಗಿ ಮೇಲೆ ಕಾಣುವ ಕಲೆ ಚಿಕ್ಕದಿದ್ದರೂ ಒಳಗಿನ ಗಾಯ ದೊಡ್ಡದಿರಬಹುದು. ಕಪ್ಪು ಅಥವಾ ನೇರಳೆ ಬಣ್ಣಕ್ಕೆ ತಿರುಗಿದ ಕಲೆ ಕೆಲವೇ ದಿನಗಳಲ್ಲಿ ಬಾಯಿ ಬಿಡುವುದುಂಟು. ತಡಮಾಡದೆ ಇವತ್ತೇ ವೈದ್ಯರಿಗೆ ತೋರಿಸಿ.

ಇನ್ನು ಮುಂದೆ ನೀವೇ ಪರೀಕ್ಷಿಸಬಹುದು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ ಎಂದರ್ಥ. ಬಿಳಿಚಿಕೊಳ್ಳದಿದ್ದರೆ ಹುಣ್ಣು ಆಗಲೇ ಶುರುವಾಗಿದೆ. ನಮ್ಮಂಥ ಕಂದು ಮೈಬಣ್ಣದಲ್ಲಿ ಈ ಬದಲಾವಣೆ ಚೆನ್ನಾಗಿ ಕಾಣುವುದಿಲ್ಲ. ಅಂಗೈಯಿಂದ ಮುಟ್ಟಿ ಪಕ್ಕದ ಚರ್ಮಕ್ಕಿಂತ ಬಿಸಿಯೋ, ಗಟ್ಟಿಯೋ, ಮೆತ್ತಗಿದೆಯೋ ನೋಡಬೇಕು. ಬೆನ್ನಿನ ಬುಡ, ಸೊಂಟದ ಎರಡೂ ಪಕ್ಕ, ಹಿಮ್ಮಡಿ, ತಲೆಯ ಹಿಂಭಾಗ, ಇವಿಷ್ಟನ್ನೂ ಬಿಡದೆ ನೋಡಿ. ಸಾಕ್ಸ್ ಹಾಕಿಬಿಟ್ಟರೆ ಹಿಮ್ಮಡಿಯತ್ತ ಯಾರ ಗಮನವೂ ಹೋಗುವುದಿಲ್ಲ.

ಏರ್ ಬೆಡ್ ಹಾಕಿದ ಮಾತ್ರಕ್ಕೆ ಮಗ್ಗಲು ಬದಲಿಸುವ ಕೆಲಸ ತಪ್ಪುವುದಿಲ್ಲ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ತಿರುಗಿಸುತ್ತಾರೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ಇನ್ನೊಂದು ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಬೇಕು. ತಲೆಯ ಕಡೆಯನ್ನು 30 ಡಿಗ್ರಿಗಿಂತ ಹೆಚ್ಚು ಎತ್ತಿದರೆ ದೇಹ ಕೆಳಕ್ಕೆ ಜಾರಿ ಚರ್ಮ ಒಂದು ಕಡೆಗೆ, ಮೂಳೆ ಇನ್ನೊಂದು ಕಡೆಗೆ ಎಳೆದಂತಾಗುತ್ತದೆ. ಮೂಗಿನ ನಳಿಕೆಯಲ್ಲಿ ಆಹಾರ ಕೊಡುವವರಿಗೆ ಮಾತ್ರ ಆ ಹೊತ್ತಿನಲ್ಲೂ ಆಮೇಲೆ ಒಂದು ಗಂಟೆಯವರೆಗೂ ತಲೆ ಎತ್ತರದಲ್ಲಿ ಇರಲೇಬೇಕು, ಇಲ್ಲವಾದರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಗ ಮೊದಲು ಮೊಣಕಾಲಿನ ಕೆಳಗೆ ದಿಂಬಿಟ್ಟು, ನಂತರ ತಲೆಯ ಕಡೆ ಎತ್ತಿದರೆ ಜಾರುವುದು ಕಡಿಮೆ.

ಕಲೆಯ ಮೇಲೆ ತಿಕ್ಕಿ ಮಾಲೀಸು ಮಾಡುವುದು, ಸ್ಪಿರಿಟ್ ಹಚ್ಚುವುದು, ಗಾಳಿ ತುಂಬಿದ ರಬ್ಬರ್ ರಿಂಗಿನ ಮೇಲೆ ಕೂರಿಸುವುದು ಇನ್ನೂ ರೂಢಿಯಲ್ಲಿವೆ. ಮೂರೂ ಹಾನಿಕರ. ರಿಂಗಿನ ಅಂಚು ಸುತ್ತಲಿನ ರಕ್ತವನ್ನೇ ತಡೆದು ನಡುವಿನ ಜಾಗವನ್ನು ಮತ್ತಷ್ಟು ಬಡವಾಗಿಸುತ್ತದೆ. ಒದ್ದೆ ಡೈಪರ್ ಬಹಳ ಹೊತ್ತು ಉಳಿದರೂ ಚರ್ಮ ಮೆತ್ತಗಾಗಿ ಕಿತ್ತು ಬರುತ್ತದೆ. ಇನ್ನು ಊಟ: ಬರೀ ಗಂಜಿ ಕುಡಿಸಿದರೆ ಹುಣ್ಣು ಮಾಯುವುದಿಲ್ಲ. 50 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 60ರಿಂದ 75 ಗ್ರಾಂ ಪ್ರೋಟೀನ್ ಬೇಕಾಗುತ್ತದೆ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹತ್ತಿರ ಹತ್ತಿರ ಅಷ್ಟೇ. ಮೂತ್ರಪಿಂಡದ ತೊಂದರೆ ಇದ್ದರೆ ಈ ಲೆಕ್ಕವನ್ನು ವೈದ್ಯರೇ ಹೇಳಬೇಕು.

ಮಗ್ಗಲು ಬದಲಿಸಿದ ಪಟ್ಟಿಯನ್ನು ಕೇಳಿ ಪಡೆಯಿರಿ. ಪ್ರತಿ ಸಲದ ಹೊತ್ತು, ಯಾವ ಮಗ್ಗಲು, ಯಾರ ಸಹಿ ಎಂಬುದು ಅದರಲ್ಲಿರಬೇಕು. ರಾತ್ರಿಯ ಸಹಿಗಳೆಲ್ಲ ಒಂದೇ ಓಟದಲ್ಲಿ ಬಿದ್ದಂತೆ ಕಂಡರೆ ಬೆಳಿಗ್ಗೆ ಕೂತು ಒಟ್ಟಿಗೆ ಹಾಕಿದ್ದೆಂದು ಅನುಮಾನಿಸಬೇಕಾಗುತ್ತದೆ. ಪಟ್ಟಿಯೇ ಇಲ್ಲ ಎಂದರೆ ಅದಕ್ಕಿಂತ ಕೆಟ್ಟ ಉತ್ತರವಿಲ್ಲ.

ಪ್ರಶ್ನೆ: ಮರೆವಿನ ಕಾಯಿಲೆಯ ನಮ್ಮಪ್ಪ ಮೈಸೂರಿನ ಒಂದು ಕೇಂದ್ರದಲ್ಲಿದ್ದಾರೆ. ಮೊದಲು ಸಂಜೆಯಾದರೆ ಗಲಾಟೆ ಮಾಡುತ್ತಿದ್ದರು. ಈಗ ಯಾವಾಗ ವಿಡಿಯೊ ಕರೆ ಮಾಡಿದರೂ ತೂಕಡಿಸುತ್ತಿರುತ್ತಾರೆ. ಇಷ್ಟು ದೂರದಿಂದ ನಾನೇನು ಮಾಡಲಿ?
– ನ್ಯೂಜೆರ್ಸಿಯ ಓದುಗರು

ಉತ್ತರ: ಮಾತ್ರೆಗಳ ಪಟ್ಟಿಯ ಫೋಟೊ ತರಿಸಿಕೊಳ್ಳಿ. ಹೆಸರು, ಪ್ರಮಾಣ, ಹೊತ್ತು, ಬರೆದುಕೊಟ್ಟ ವೈದ್ಯರು ಯಾರು, ಇಷ್ಟೂ ಇರಲಿ. ಕ್ವೆಟಿಯಾಪಿನ್, ರಿಸ್ಪೆರಿಡೋನ್, ಹ್ಯಾಲೋಪೆರಿಡಾಲ್ (ತೀವ್ರ ಮಾನಸಿಕ ಕಾಯಿಲೆಗೆ ಕೊಡುವ, ಮಂಪರು ತರುವ ಮಾತ್ರೆಗಳು) ಏನಾದರೂ ಕಂಡರೆ ಏಕೆ ಶುರು ಮಾಡಿದರು, ಎಂದು ನಿಲ್ಲಿಸುತ್ತಾರೆ ಎಂದು ಕೇಳಿ. ಮರೆವಿನ ಕಾಯಿಲೆಯ ಹಿರಿಯರಲ್ಲಿ ಈ ಗುಂಪಿನ ಔಷಧಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಹೊಸ ಮಾತ್ರೆಗಳ ಮೇಲೂ 2008ರಲ್ಲಿ ಹಳೆಯವುಗಳ ಮೇಲೂ ಎಚ್ಚರಿಕೆ ಹಾಕಿಸಿದೆ. ಬೇರೆ ದಾರಿಯಿಲ್ಲದಾಗ, ಕಡಿಮೆ ಪ್ರಮಾಣದಲ್ಲಿ, ಕೆಲವು ವಾರಗಳ ಮಟ್ಟಿಗೆ ಕೊಡುವುದುಂಟು. ಆದರೆ ನೀವಾಗಿಯೇ ದಿಢೀರನೆ ನಿಲ್ಲಿಸಲು ಹೇಳಬೇಡಿ.

ಗಲಾಟೆಗೆ ಕಾರಣ ಹುಡುಕಿದ್ದಾರೆಯೇ ಎಂಬುದು ನಿಜವಾದ ಪ್ರಶ್ನೆ. ಮೂರು ದಿನದಿಂದ ಮಲ ಹೋಗದೆ ಇರುವುದು, ಮೂತ್ರ ಕಟ್ಟಿರುವುದು ಅಥವಾ ಮೂತ್ರದ ಸೋಂಕು, ಹಲ್ಲುನೋವು, ಸಾಕಷ್ಟು ನೀರು ಕುಡಿಯದಿರುವುದು – ಬಾಯಿ ಬಿಟ್ಟು ಹೇಳಲಾಗದವರು ಇವನ್ನೆಲ್ಲ ಕೂಗಾಡಿಯೇ ತೋರಿಸುತ್ತಾರೆ. ಅದನ್ನು ಮಾತ್ರೆಯಿಂದ ಅಡಗಿಸಿದರೆ ನೋವು ಹಾಗೇ ಉಳಿಯುತ್ತದೆ, ಕೂಗು ಮಾತ್ರ ನಿಲ್ಲುತ್ತದೆ.

ವಿಡಿಯೊ ಕರೆಯನ್ನು ಊಟದ ಹೊತ್ತಿಗೇ ಇಟ್ಟುಕೊಳ್ಳಿ. ತೂಕಡಿಸುವವರ ಬಾಯಿಗೆ ತುತ್ತಿಡುತ್ತಿದ್ದರೆ ತಕ್ಷಣ ತಡೆಯಿರಿ, ಅನ್ನ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಕಳಿಸಲು ಹೇಳಿ. 60 ಕಿಲೋ ಇದ್ದವರು ಒಂದೇ ತಿಂಗಳಲ್ಲಿ 3 ಕಿಲೋ ಇಳಿದರೆ ವೈದ್ಯರು ನೋಡಲೇಬೇಕು.

ಪ್ರಶ್ನೆ: ಸೇರಿಸುವ ಮೊದಲು ಏನು ನೋಡಬೇಕು? ಆಮೇಲೆ ತೊಂದರೆಯಾದರೆ ಯಾರಿಗೆ ಹೇಳಬೇಕು?
– ಓದುಗರು, ಶಿರಸಿ

ಉತ್ತರ: ಹಗಲು ಒಮ್ಮೆ, ರಾತ್ರಿ ಒಂಬತ್ತರ ಮೇಲೆ ಒಮ್ಮೆ ಹೋಗಿ. ರಾತ್ರಿ ಎಷ್ಟು ಜನ ಹಿರಿಯರಿಗೆ ಎಷ್ಟು ಜನ ಎಚ್ಚರವಿರುತ್ತಾರೆ, ಅವರಲ್ಲಿ ತರಬೇತಿ ಪಡೆದ ನರ್ಸ್ ಇದ್ದಾರೆಯೇ ಎಂದು ಕೇಳಿ, ಉತ್ತರವನ್ನು ಕಣ್ಣಾರೆ ತಾಳೆ ನೋಡಿ. ಬಚ್ಚಲಿನಲ್ಲಿ ಹಿಡಿಕಂಬಿ ಇದೆಯೇ, ಕರೆಗಂಟೆ ಮಲಗಿದವರ ಕೈಗೆ ಎಟುಕುತ್ತದೆಯೇ ಗಮನಿಸಿ. ಗಂಟೆ ಒತ್ತಿ ಎಷ್ಟು ಹೊತ್ತಿಗೆ ಬರುತ್ತಾರೆ ಎಣಿಸಿ. ನರ್ಸಿಂಗ್ ಹೋಂ ಎಂದು ನಡೆಸುತ್ತಿದ್ದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ ಗೋಡೆಯ ಮೇಲಿರಬೇಕು. ದೂರಿದ್ದರೆ ಮೊದಲು ಕೇಂದ್ರದವರಿಗೆ ಬರಹದಲ್ಲಿ ಕೊಟ್ಟು, ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ, ಗಾಯವಿದ್ದರೆ ದಿನಾಂಕ ಕಾಣುವಂತೆ ಫೋಟೊ ತೆಗೆದಿಡಿ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567, ಕರೆ ಉಚಿತ. ಹೊಡೆತ, ಕಟ್ಟಿಹಾಕುವುದು, ಅನ್ನ ನೀರು ಕೊಡದಿರುವುದು ಕಂಡರೆ ಅದಕ್ಕೂ ಕಾಯದೆ 112ಕ್ಕೆ ಕರೆ ಮಾಡಿ.