ಕಿಂಡಲ್ ಕೊಂಡರೆ ಕನ್ನಡ ಪುಸ್ತಕ ಕೊಳ್ಳುವುದನ್ನು ನಿಲ್ಲಿಸಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಬಾಡಿಗೆ ಮನೆ, ಎರಡು ಕಪಾಟು ತುಂಬಿ ಮಂಚದ ಕೆಳಗೂ ಪುಸ್ತಕ, ಓದುವುದು ಮುಕ್ಕಾಲು ಪಾಲು ಕನ್ನಡ. ಇ-ಪುಸ್ತಕ ಓದುವ ಅಮೆಜಾನ್‌ನ ಸಾಧನ ಕಿಂಡಲ್ ಒಂದನ್ನು ತಗೊಂಡು, ಇನ್ನು ಮೇಲೆ ಅಚ್ಚಿನ ಪುಸ್ತಕ ಕೊಳ್ಳುವುದನ್ನೇ ನಿಲ್ಲಿಸಿದರೆ ಹೇಗೆ?

ಕಿಂಡಲ್ ತಗೊಳ್ಳಿ. ಕನ್ನಡ ಪುಸ್ತಕ ಕೊಳ್ಳುವುದನ್ನು ಮಾತ್ರ ನಿಲ್ಲಿಸಬೇಡಿ. ಇಂಗ್ಲಿಷ್ ಪುಸ್ತಕ ಬೇಕಾದರೆ ನಿಲ್ಲಿಸಿ, ನಾನು ನಿಲ್ಲಿಸಿ ಐದಾರು ವರ್ಷವಾಯಿತು. ಹೊಸ ಪುಸ್ತಕದ ವಾಸನೆಯ ಬಗ್ಗೆ ಭಾಷಣ ಮಾಡಲ್ಲ, ಹೆದರಬೇಡಿ. ನನಗೆ ವರ್ಷದಲ್ಲಿ ಆರು ತಿಂಗಳು ನೆಗಡಿ, ಯಾವ ವಾಸನೆಯೂ ಗೊತ್ತಾಗಲ್ಲ.

ನನ್ನ ಹತ್ತಿರ ಇರುವುದು ಆರು ಇಂಚಿನ ಕಿಂಡಲ್, ಏಳು ವರ್ಷ ಹಳೆಯದು. ಒಂದು ಮೂಲೆಯಲ್ಲಿ ಚಕ್ಕೆ ಎದ್ದಿದೆ, ಅಷ್ಟು ಬಿಟ್ಟರೆ ಗಟ್ಟಿಯಾಗಿದೆ. ಅದರ ಬೆಲೆ ಗೊತ್ತಾಗುವುದು ಬೆಂಗಳೂರಿನಿಂದ ಸಾಗರಕ್ಕೆ ಹೋಗುವ ರಾತ್ರಿ ಬಸ್ಸಿನಲ್ಲಿ. ದೀಪ ಆರಿಸಿದ ಮೇಲೆ ಫೋನ್ ಹಿಡಿದು ಕೂತರೆ ಪಕ್ಕದವರು ಮುಸುಕು ಎಳೆದುಕೊಂಡು ಗೊಣಗುತ್ತಾರೆ. ಕಿಂಡಲ್ ಬೆಳಕನ್ನು ಪೂರ್ತಿ ತಗ್ಗಿಸಿ ಓದಿದರೆ ಯಾರಿಗೂ ತೊಂದರೆ ಇಲ್ಲ. ಅದರ ಪರದೆಯ ರೀತಿಯೇ ಬೇರೆ. ಒಳಗೆ ಕೂದಲೆಳೆಯಷ್ಟು ದಪ್ಪದ ಲಕ್ಷಗಟ್ಟಲೆ ಗುಳ್ಳೆಗಳಿರುತ್ತವೆ. ಒಂದೊಂದರಲ್ಲೂ ಕಪ್ಪು ಪುಡಿ, ಬಿಳಿ ಪುಡಿ. ಪುಟ ತಿರುಗಿಸಿದಾಗ ಕರೆಂಟು ಕಪ್ಪನ್ನೋ ಬಿಳಿಯನ್ನೋ ಮೇಲಕ್ಕೆ ಎಳೆಯುತ್ತದೆ. ಆಮೇಲೆ ಅವು ಅಲ್ಲೇ ಕೂತಿರುತ್ತವೆ, ಕರೆಂಟು ಬೇಕಿಲ್ಲ. ಪುಟ ಬದಲಾಗುವಾಗ ಕಾಣುವ ಮಿಟುಕು ಇದೇ. ಬ್ಯಾಟರಿ ವಾರಗಟ್ಟಲೆ ಬರುವುದೂ, ಬಿಸಿಲಲ್ಲಿ ಕಾಗದದಷ್ಟೇ ಸ್ಪಷ್ಟವಾಗಿ ಕಾಣುವುದೂ ಇದರಿಂದಲೇ.

ಎಂಟುನೂರು ಪುಟದ ಇಂಗ್ಲಿಷ್ ಇತಿಹಾಸದ ಪುಸ್ತಕವನ್ನು ಮಲಗಿಕೊಂಡು ಓದಿ ನೋಡಿ, ಎದೆ ಮೇಲೆ ಇಟ್ಟಿಗೆ ಇಟ್ಟ ಹಾಗೆ. ಕಿಂಡಲ್‌ನಲ್ಲಿ ಆ ಕಷ್ಟ ಇಲ್ಲ. ಗೊತ್ತಿಲ್ಲದ ಪದದ ಮೇಲೆ ಬೆರಳಿಟ್ಟರೆ ಅರ್ಥ ಬರುತ್ತದೆ. ಅಕ್ಷರ ಎಷ್ಟು ಬೇಕೋ ಅಷ್ಟು ದೊಡ್ಡದಾಗುತ್ತದೆ. ಚಾಳೀಸು ಬಂದವರಿಗೆ ಇದೊಂದೇ ಕಾರಣ ಸಾಕು.

ಕನ್ನಡಕ್ಕೆ ಬಂದರೆ ಕಥೆ ಬೇರೆ.

2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್ ಅಂಗಡಿಯಲ್ಲಿ ಭಾರತೀಯ ಭಾಷೆಗಳ ಪುಸ್ತಕ ಶುರು ಮಾಡಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ, ಒಟ್ಟು ಐದು. ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ಕನ್ನಡದ ಇ-ಪುಸ್ತಕ ಬೇರೆ ದಾರಿ ಹುಡುಕಿಕೊಂಡಿತು. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಸಿಗುತ್ತವೆ. 2020ರಲ್ಲಿ ಮೈಲ್ಯಾಂಗ್ ಅನ್ನುವ ಆ್ಯಪ್ ಬಂತು, ಇ-ಪುಸ್ತಕವೂ ಇದೆ, ಕೇಳು ಪುಸ್ತಕವೂ ಇದೆ. ಒಳ್ಳೆಯ ಕೆಲಸ. ಆದರೆ ಇವೆಲ್ಲ ಫೋನ್, ಟ್ಯಾಬ್‌ಗಳ ಲೋಕ. ಕಿಂಡಲ್ ಒಳಗೆ ಆ ಆ್ಯಪ್‌ಗಳು ಕೂರುವುದಿಲ್ಲ. ಬೂಕ್ಸ್ ತರಹದ ಆಂಡ್ರಾಯ್ಡ್ ಇರುವ ಇ-ರೀಡರ್ ಕೊಂಡರೆ ಹಾಕಿಕೊಳ್ಳಬಹುದು, ಬೆಲೆ ಜಾಸ್ತಿ.

ಇನ್ನುಳಿದದ್ದು ಪಿಡಿಎಫ್. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳು ರಾಶಿ ಬಿದ್ದಿವೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದವು ಬಹಳ, ಬೆಂಗಳೂರಿನ ಸರ್ವೆಂಟ್ಸ್ ಆಫ್ ನಾಲೆಜ್ ಬಳಗದವರು ಕೂತು ಸ್ಕ್ಯಾನ್ ಮಾಡಿದವೂ ಬಹಳ. ನಿಜವಾದ ನಿಧಿ. ಆದರೆ ಅದನ್ನು ಆರು ಇಂಚಿನ ಕಿಂಡಲ್‌ಗೆ ಹಾಕಿದ ಮೊದಲ ದಿನ ಅಳು ಬರುತ್ತದೆ. ನಮ್ಮಲ್ಲಿ ಡೆಮಿ ಅನ್ನುವ ಅಳತೆಯ ಪುಸ್ತಕದ ಪುಟ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಕಿಂಡಲ್ ಪರದೆಯ ಉದ್ದ ಐದಿಂಚೂ ಇಲ್ಲ. ಇಡೀ ಪುಟ ಅಷ್ಟರೊಳಗೆ ಕೂರಬೇಕಾದರೆ ಅಕ್ಷರ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಇಂಗ್ಲಿಷ್ ಆಗಿದ್ದರೆ ಹೇಗೋ ಓದಬಹುದಿತ್ತು. ಕನ್ನಡದಲ್ಲಿ ಒತ್ತಕ್ಷರಗಳು ಕಾಲಡಿ ಕೂತಿರುತ್ತವಲ್ಲ, ತ ಒತ್ತು ಯಾವುದು, ನ ಒತ್ತು ಯಾವುದು ಅಂತ ಊಹಿಸಿಕೊಂಡೇ ಓದಬೇಕು.

ನಾನು ಮಾಡಿಕೊಂಡ ಉಪಾಯ ಇದು. ಮೊದಲು ಕಂಪ್ಯೂಟರಿನಲ್ಲಿ ಪಿಡಿಎಫ್‌ನ ನಾಲ್ಕೂ ಕಡೆಯ ಖಾಲಿ ಅಂಚು ಕತ್ತರಿಸುವುದು. ಆಮೇಲೆ ಕಿಂಡಲ್ ಅಡ್ಡ ಹಿಡಿದು ಅರ್ಧರ್ಧ ಪುಟ ಓದುವುದು. ಹೀಗೆ ಮಾಡಿದರೆ ಸಾಲು ಸುಮಾರಾಗಿ ಅಚ್ಚಿನ ಪುಸ್ತಕದಷ್ಟೇ ಅಗಲ ಕಾಣುತ್ತದೆ. ಇಷ್ಟೆಲ್ಲ ತಾಳ್ಮೆ ಇಲ್ಲ ಅನ್ನುವವರು ಹತ್ತು ಇಂಚಿನ ಸಾಧನವನ್ನೇ ಕೊಳ್ಳಬೇಕು.

ಹೊಸ ಕನ್ನಡ ಪುಸ್ತಕ ಇಂಗ್ಲಿಷಿನಷ್ಟು ಸಲೀಸಾಗಿ ಇ-ಪುಸ್ತಕ ಆಗದಿರುವುದಕ್ಕೆ ಇನ್ನೊಂದು ಕಾರಣ ಇದೆ. ಇದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ, ಮಾಡುವವರಿಗೆ ಚೆನ್ನಾಗಿ ಗೊತ್ತು. ವರ್ಷಗಟ್ಟಲೆ ನಮ್ಮ ಪುಸ್ತಕಗಳು ಪುಟ ಕಟ್ಟಿಸಿಕೊಂಡದ್ದು ಯೂನಿಕೋಡ್‌ಗಿಂತ (ಈಗ ಎಲ್ಲ ಸಾಧನಗಳೂ ಬಳಸುವ ಅಕ್ಷರಗಳ ಸಂಕೇತ ಪದ್ಧತಿ) ಹಿಂದಿನ ನುಡಿ, ಶ್ರೀಲಿಪಿ ತರಹದ ಫಾಂಟ್‌ಗಳಲ್ಲಿ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಕೂರಿಸಿದ ಏರ್ಪಾಡು ಅದು. ಕಾಗದದ ಮೇಲೆ ಚಂದ. ಯೂನಿಕೋಡ್‌ಗೆ ತಿರುಗಿಸಿದಾಗ ಮಾತ್ರ ಅರ್ಕಾವತ್ತು ಒಂದು ಕಡೆ, ದೀರ್ಘ ಒಂದು ಕಡೆ. ಮತ್ತೆ ಒಬ್ಬರು ಕೂತು ಮೊದಲ ಪುಟದಿಂದ ಕರಡು ತಿದ್ದಬೇಕು. ಅದಕ್ಕೆ ದುಡ್ಡು ಯಾರು ಕೊಡಬೇಕು?

ಈಗ ಮುಖ್ಯ ವಿಷಯ. ನಿಮ್ಮ ಕಪಾಟಿನಿಂದ ಯಾವುದಾದರೂ ಕನ್ನಡ ಪುಸ್ತಕ ತೆಗೆದು ಶೀರ್ಷಿಕೆ ಪುಟದ ಹಿಂಬದಿ ನೋಡಿ. ಪ್ರಕಾಶಕರ ವಿಳಾಸ, ಬಳಸಿದ ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ, ಆಕಾರ ಡೆಮಿ 1/8, ಬೆಲೆ, ಮುಖಪುಟ ಮಾಡಿದವರ ಹೆಸರು. ಮಧ್ಯದಲ್ಲೆಲ್ಲೋ ಒಂದು ಸಣ್ಣ ಸಾಲು: ಪ್ರತಿಗಳು 1000. ಕೆಲವದರಲ್ಲಿ 500. ಆರು ಕೋಟಿಗೂ ಜಾಸ್ತಿ ಜನರಿರುವ ನಾಡಿನಲ್ಲಿ ಒಂದು ಸಾವಿರ ಪ್ರತಿ. ಅದರಲ್ಲಿ ಒಂದು ಪಾಲು ಗ್ರಂಥಾಲಯಗಳಿಗೆ, ಒಂದು ಪಾಲು ಲೇಖಕರ ನೆಂಟರಿಷ್ಟರಿಗೆ. ಮಿಕ್ಕದ್ದು ಮುಗಿದ ಮೇಲೆ ಮರುಮುದ್ರಣ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಜನಪ್ರಿಯ ಲೇಖಕರ ಮಾತು ಬೇರೆ ಬಿಡಿ. ನಾನು ಹೇಳುತ್ತಿರುವುದು ಉಳಿದ ನೂರಾರು ಜನರ ಬಗ್ಗೆ. ಊರಿನ ಇತಿಹಾಸ ಬರೆದ ಮೇಷ್ಟ್ರು, ಒಂದೇ ಒಂದು ಒಳ್ಳೆಯ ಕಥಾಸಂಕಲನ ತಂದು ಸುಮ್ನಾದವರು, ಯಕ್ಷಗಾನದ ಪ್ರಸಂಗ ಕೂಡಿಸಿದವರು. ಇಂಗ್ಲಿಷ್ ಪುಸ್ತಕ ಇವತ್ತು ಬಿಟ್ಟರೆ ನಾಳೆ ಸಿಗುತ್ತದೆ. ಕನ್ನಡದ್ದನ್ನು ಇವತ್ತು ಬಿಟ್ಟರೆ ಐದು ವರ್ಷದ ಮೇಲೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಧೂಳು ಕುಡಿಯುತ್ತಾ ಹುಡುಕಬೇಕು. ನಾನು ಹುಡುಕಿದ್ದೇನೆ. ಸಿಕ್ಕಿದ್ದು ಕಮ್ಮಿ.

ಕೊಂಡ ಇ-ಪುಸ್ತಕ ನಿಮ್ಮದೇ ಅಂತ ಅಂದುಕೊಂಡಿದ್ದರೆ, ಅದೂ ಪೂರ್ತಿ ನಿಜ ಅಲ್ಲ. ನೀವು ಕೊಳ್ಳುವುದು ಓದುವ ಪರವಾನಗಿ. 2009ರ ಜುಲೈನಲ್ಲಿ ಅಮೆಜಾನ್ ಗ್ರಾಹಕರ ಕಿಂಡಲ್‌ಗಳಿಂದ ಕೆಲವು ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತ್ತು. ಮಾರಿದವರಿಗೆ ಹಕ್ಕು ಇರಲಿಲ್ಲ ಅನ್ನುವುದು ಕಾರಣ. ದುಡ್ಡು ವಾಪಸ್ ಕೊಟ್ಟರು, ಕ್ಷಮೆಯನ್ನೂ ಕೇಳಿದರು. ತಮಾಷೆ ಏನೆಂದರೆ ಅಳಿಸಿದ್ದರಲ್ಲಿ ಒಂದು ಆರ್ವೆಲ್ಲರ ‘1984’. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಹೋದವು, ಅಲ್ಲೂ ದುಡ್ಡು ವಾಪಸ್. 2025ರ ಫೆಬ್ರವರಿಯಿಂದ, ಕೊಂಡ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಹಾಕಿಕೊಳ್ಳುವ ಸೌಲಭ್ಯವನ್ನೂ ಅಮೆಜಾನ್ ತೆಗೆಯಿತು.

ನನಗೂ ಸಣ್ಣದಾಗಿ ಏಟು ಬಿದ್ದಿದೆ. ಒಂದು ಆ್ಯಪ್‌ನಲ್ಲಿ ಹನ್ನೊಂದು ಕನ್ನಡ ಪುಸ್ತಕ ಕೊಂಡಿದ್ದೆ. ಫೋನ್ ಬದಲಿಸಿದೆ, ಆ್ಯಪ್ ಹೊಸ ಫೋನಿನಲ್ಲಿ ತೆರೆಯಲೇ ಇಲ್ಲ. ಮೇಲ್ ಹಾಕಿದೆ, ಉತ್ತರ ಬರಲಿಲ್ಲ. ಹೆಸರು ಹೇಳಲ್ಲ, ಪಾಪ, ಅವರೂ ಕೈಯಿಂದ ಹಾಕಿಯೇ ನಡೆಸಿದ್ದಿರಬೇಕು. ಹನ್ನೊಂದರಲ್ಲಿ ನಾಲ್ಕನ್ನು ಓದಿಯೇ ಇರಲಿಲ್ಲ.

ಹಾಗಂತ ಕಾಗದ ಶಾಶ್ವತ ಅಂತ ಹೇಳಿದರೆ ನಮ್ಮಪ್ಪ ನಗುತ್ತಾರೆ. ಸಾಗರದ ಹತ್ತಿರ ನಮ್ಮ ಹಳ್ಳಿ. ಮಳೆಗಾಲದಲ್ಲಿ ಪುಸ್ತಕದ ರಟ್ಟಿನ ಮೇಲೆ ಬೆಳ್ಳಗೆ ಬೂಷ್ಟು ಕಟ್ಟುತ್ತದೆ, ಬಿಸಿಲು ಬಂದಾಗ ಅಂಗಳದಲ್ಲಿ ಹಪ್ಪಳದ ಜೊತೆ ಪುಸ್ತಕವನ್ನೂ ಒಣಗಿಸುವುದು ವಾಡಿಕೆ. ಅಪ್ಪನ ಸಂಗ್ರಹ ದೊಡ್ಡದಲ್ಲ. ಹೆಗ್ಗೋಡಿನ ಅಕ್ಷರ ಪ್ರಕಾಶನದ ಪುಸ್ತಕಗಳು, ಒಂದಿಷ್ಟು ಹಳೆಯ ನಾಟಕ. ಅಟ್ಟದ ಮೇಲಿನ ಟ್ರಂಕಿನಲ್ಲಿ ಇಟ್ಟಿದ್ದರು. ಟ್ರಂಕಿನ ತಳ ತುಕ್ಕು ಹಿಡಿದು ತೂತಾದದ್ದು ಯಾರಿಗೂ ಗೊತ್ತಾಗಲಿಲ್ಲ, ಒರಲೆಗೆ ಗೊತ್ತಾಯಿತು. ಗೆದ್ದಲಿಗೆ ನಮ್ಮ ಕಡೆ ಒರಲೆ ಅಂತಾರೆ. ನಾನು ಮುಚ್ಚಳ ತೆಗೆದಾಗ ಪುಸ್ತಕಗಳು ಸಾಲಾಗಿ ನಿಂತೇ ಇದ್ದವು. ಕೈ ಹಾಕಿ ಎತ್ತಿದರೆ ಬೆನ್ನು ಮಾತ್ರ ಬಂತು, ಒಳಗೆಲ್ಲ ಮಣ್ಣು.

ಅದರಲ್ಲಿ ಕೈಲಾಸಂ ನಾಟಕದ ಒಂದು ಹಳೆಯ ಪ್ರತಿ ಅರ್ಧ ಉಳಿದಿತ್ತು. ಒರಲೆ ಹಿಂದಿನ ರಟ್ಟಿನಿಂದ ಕೊರೆಯುತ್ತಾ ಬಂದು, ಮೊದಲರ್ಧ ತಲುಪುವ ಮುಂಚೆ ಯಾಕೋ ನಿಲ್ಲಿಸಿತ್ತು. ಅಪ್ಪ ಕಾಲೇಜಿನಲ್ಲಿ ಪಾತ್ರ ಮಾಡಿದ್ದ ನಾಟಕ ಅದು. ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ಇಲ್ಲಿ ನಿಧಾನ’, ‘ಬಾಗಿಲ ಕಡೆ ನೋಡು’ ಅಂತ ಬರೆದುಕೊಂಡಿದ್ದರು. ಎಸೆಯಲು ಮನಸ್ಸು ಬರಲಿಲ್ಲ. ಬೆಂಗಳೂರಿಗೆ ತಂದು ಆರ್ಕೈವ್‌ನಲ್ಲಿ ಹುಡುಕಿದರೆ ಅದೇ ಮುದ್ರಣ ಸಿಕ್ಕಿತು! ಯಾವುದೋ ಗ್ರಂಥಾಲಯದ ಪ್ರತಿ, ಅಲ್ಲಲ್ಲಿ ನೇರಳೆ ಮೊಹರು. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ನಮ್ಮಲ್ಲಿ ಲೇಖಕರು ಹೋದ ಮೇಲೆ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ, ಹಾಗಾಗಿ ಕಾನೂನಿನ ತಕರಾರೂ ಇಲ್ಲ. ಹೋಗಿದ್ದ ಪುಟಗಳನ್ನು ಪ್ರಿಂಟ್ ತೆಗೆಸಿ, ಅದೇ ಅಳತೆಗೆ ಕತ್ತರಿಸಿ, ಮೈದಾ ಅಂಟಿನಿಂದ ಕೂಡಿಸಿ ಬೈಂಡ್ ಮಾಡಿಸೋಣ ಅಂತ ಹೋದೆ. ಬೈಂಡರು ಮೈದಾ ಅಂದ ತಕ್ಷಣ ಬೈದರು, ‘ಮತ್ತೆ ಹುಳಕ್ಕೆ ಊಟ ಹಾಕ್ತೀರಾ’ ಅಂತ. ಸ್ವಲ್ಪ ಮೈಲುತುತ್ತ ಬೆರೆಸಿ ಅವರೇ ಬೇರೆ ಅಂಟು ಕಲಸಿಕೊಟ್ಟರು. ಈಗ ಆ ಪುಸ್ತಕದ ಮೊದಲರ್ಧ ಹಳದಿ, ಉಳಿದರ್ಧ ಬೆಳ್ಳಗೆ. ಬಿಳಿ ಪುಟಗಳಲ್ಲಿ ಅಪ್ಪನ ಪೆನ್ಸಿಲ್ ಇಲ್ಲ, ನೇರಳೆ ಮೊಹರಿದೆ.

ನಾನು ಪಾಲಿಸುವ ಲೆಕ್ಕ ಹೇಳಿಬಿಡುತ್ತೇನೆ, ನಿಮಗೆ ಒಗ್ಗಿದರೆ ನೋಡಿ. ಇಂಗ್ಲಿಷ್, ಸುಮ್ನೆ ಒಂದು ಸಲ ಓದಿ ಬಿಡುವಂಥದ್ದು, ಕಿಂಡಲ್‌ನಲ್ಲಿ. ಹಕ್ಕು ಮುಗಿದ ಹಳೆಯ ಕನ್ನಡ, ಸ್ಕ್ಯಾನ್. ಫೈಲ್ ಎರಡು ಕಡೆ ಇಟ್ಟುಕೊಳ್ಳುತ್ತೇನೆ. ಹೊಸ ಕನ್ನಡ ಪುಸ್ತಕ, ಅದರಲ್ಲೂ ಸಣ್ಣ ಪ್ರಕಾಶಕರದು, ಅಚ್ಚಿನಲ್ಲೇ, ಬಂದ ವರ್ಷವೇ. ಬೆಲೆಯಲ್ಲೂ ಇ-ಪುಸ್ತಕಕ್ಕೆ ದೊಡ್ಡ ಅನುಕೂಲ ಏನಿಲ್ಲ. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದೇ ಪುಸ್ತಕದ ಇ-ರೂಪಕ್ಕೆ ಶೇ. 5 ಇದೆ. ವಿಚಿತ್ರ ಅಲ್ವಾ?

ಜಾಗದ ಸಮಸ್ಯೆಗೆ ಕಪಾಟಿನಿಂದ ಮೊದಲು ಹೊರಗೆ ಹೋಗಬೇಕಾದದ್ದು ಇಂಗ್ಲಿಷ್ ಕಾದಂಬರಿಗಳು ಮತ್ತು ಪರೀಕ್ಷೆಯ ಪುಸ್ತಕಗಳು. ನಾನು ಹಾಗೆ ಮಾಡಿ ಒಂದು ಕಪಾಟು ಪೂರ್ತಿ ಬಿಡಿಸಿಕೊಂಡೆ. ಮನೆ ಬದಲಿಸುವಾಗ ಟಿವಿಯ ದೊಡ್ಡ ಡಬ್ಬಿಗೆ ಪುಸ್ತಕ ತುಂಬಬೇಡಿ, ತಳ ಕಳಚುತ್ತದೆ, ಎತ್ತುವವರ ಸೊಂಟವೂ ಕಳಚುತ್ತದೆ. ಬಿಸ್ಕತ್ತಿನ ಸಣ್ಣ ಡಬ್ಬಿ ಸರಿ.

ಸಾಧನ ಕೊಳ್ಳುವ ಮುಂಚೆ ಗೆಳೆಯರ ಹತ್ತಿರ ಇದ್ದರೆ ಒಂದು ದಿನ ಎರವಲು ತಂದು, ಕನ್ನಡದ ಒಂದು ಫೈಲ್ (ಸ್ಕ್ಯಾನ್ ಅಲ್ಲ, ಟೈಪ್ ಮಾಡಿದ್ದು) ಹಾಕಿ ‘ಸ್ವಾತಂತ್ರ್ಯ’ ಅನ್ನುವ ಪದ ಹುಡುಕಿ ನೋಡಿ. ಒತ್ತುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರೆ ಉಳಿದದ್ದೂ ಸರಿಯಾಗಿ ಕಾಣುತ್ತದೆ.

ಅಂದ ಹಾಗೆ, ಮಂಚದ ಕೆಳಗಿನದನ್ನು ಖಾಲಿ ಮಾಡುವಾಗ ಹಳೆಯ ನಾಟಕದ ಪುಸ್ತಕ ಏನಾದರೂ ಸಿಕ್ಕಿದರೆ, ತೂಕಕ್ಕೆ ಹಾಕುವ ಮುಂಚೆ ಇಲ್ಲೇ ಕೆಳಗೆ ಒಂದು ಮಾತು ಹೇಳಿ. ಪೋಸ್ಟಿನ ಖರ್ಚು ನಂದು.