‘ನಮ್ಮ ಮನೆಯ ಹೆಂಗಸರು ದುಡಿಯುವುದಿಲ್ಲ’

ಸಫಿಯಾ ಮಂಗಳೂರಿನ ಹೊರವಲಯದ ಒಂದು ಬ್ಯಾರಿ ಕುಟುಂಬದ ಸೊಸೆ. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬಿ.ಎಡ್. ಆಗಿದೆ, ಇಬ್ಬರು ಮಕ್ಕಳು. ಗಂಡ ಸೌದಿಯಲ್ಲಿದ್ದಾರೆ, ರಜೆ ಸಿಗುವುದು ಎರಡು ವರ್ಷಕ್ಕೊಮ್ಮೆ. ಮನೆಯಲ್ಲಿ ಅತ್ತೆ ಮತ್ತು ಮೈದುನನ ಸಂಸಾರ. ರಾತ್ರಿ ಎದೆ ಹಿಡಿದಂತಾಗುತ್ತದೆ, ನಿದ್ದೆ ಬರುವುದಿಲ್ಲ ಎಂದು ವೈದ್ಯರಲ್ಲಿಗೆ ಹೋಗಿದ್ದರು. ಇಸಿಜಿ ಸರಿಯಾಗಿಯೇ ಇತ್ತು, ಹಾಗಾಗಿ ಅವರು ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಕಳಿಸಿದರು.

ಇಂಥ ಪ್ರಕರಣ ಎಂದಾಗ ಹೊರಗಿನವರು ಮೊದಲು ಕೇಳುವುದು ಬುರ್ಖಾದ ಬಗ್ಗೆ. ಸಫಿಯಾ ಅದರ ಬಗ್ಗೆ ಒಮ್ಮೆಯೂ ದೂರಲಿಲ್ಲ. ಆಕೆಯ ಸಂಕಟ ಬೇರೆಯೇ ಇತ್ತು. ಹತ್ತಿರದ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಗುವಂತಿತ್ತು. ವಾಟ್ಸಾಪ್ ಕರೆಯಲ್ಲಿ, ಮನೆಯವರೆಲ್ಲ ಸುತ್ತ ಕೂತಿರುವಾಗಲೇ, ಗಂಡನಲ್ಲಿ ಕೇಳಿದರು. ‘ನಮ್ಮ ಮನೆಯ ಹೆಂಗಸರು ದುಡಿಯುವುದಿಲ್ಲ. ಸಾಕುವುದು ಗಂಡಸಿನ ಜವಾಬ್ದಾರಿ, ದೀನ್ (ಧರ್ಮ) ಹೇಳುವುದೇ ಅದು’ ಎಂದರು ಗಂಡ. ಅತ್ತೆ ತಲೆಯಾಡಿಸಿದರು.

ಅತ್ತೆಯ ಬಗ್ಗೆ ವಿಚಾರಿಸಿದೆ. ಅವರು ಸುಮಾರು ಮೂವತ್ತು ವರ್ಷ ಬೀಡಿ ಕಟ್ಟಿದವರು. ಮಡಿಲಲ್ಲಿ ಸೂಪು (ಬೀಡಿ ಕಟ್ಟುವ ಮೊರ) ಇಟ್ಟುಕೊಂಡು ನಡುರಾತ್ರಿಯವರೆಗೆ ಎಲೆ ಸುತ್ತಿ, ವಾರವಾರ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದು ಕೊಟ್ಟು ಮಕ್ಕಳನ್ನು ಓದಿಸಿದವರು. ಮಗನ ಮೊದಲ ವೀಸಾದ ದುಡ್ಡಿನಲ್ಲೂ ಅವರ ಪಾಲಿತ್ತು. ದಕ್ಷಿಣ ಕನ್ನಡದ ಎಷ್ಟೋ ಬ್ಯಾರಿ ಮನೆಗಳ ಕಥೆ ಇದೇ. ಜಗಲಿಯ ಒಳಗೆ ಕೂತು ಮಾಡಿದ್ದರಿಂದ ಅದು ‘ದುಡಿಮೆ’ ಎಂದು ಯಾರ ಲೆಕ್ಕಕ್ಕೂ ಬರಲಿಲ್ಲ. ಗಲ್ಫ್ ಹಣ ಬಂದ ಮೇಲೆ ಹೆಂಗಸು ಮನೆಯಲ್ಲಿ ಸುಮ್ಮನೆ ಕೂತಿರುವುದೇ ಮರ್ಯಾದೆಯಾಯಿತು.

ಕೆಲವು ಭೇಟಿಗಳ ನಂತರ ಇನ್ನೊಂದು ವಿಷಯ ಹೊರಬಂತು. ಮಹ್ರ್ ಆಗಿ, ಅಂದರೆ ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಧನವಾಗಿ, ಸಿಕ್ಕಿದ್ದ ಚಿನ್ನವನ್ನೂ ತವರಿನ ಒಡವೆಯನ್ನೂ ಮೈದುನನ ಅಂಗಡಿಗಾಗಿ ಅಡವಿಟ್ಟಿದ್ದರು. ಆಕೆಯನ್ನು ಕೇಳಿರಲಿಲ್ಲ, ಹೇಳಿದ್ದರು ಅಷ್ಟೆ. ಎದೆ ಹಿಡಿಯಲು ಶುರುವಾದದ್ದು ಆ ತಿಂಗಳಿನಿಂದ. ಕೆಲಸಕ್ಕೆ ಹೋಗಬೇಕೆಂಬ ಹಠದ ಬೇರು ಅಲ್ಲಿತ್ತು ಎಂದು ನನ್ನ ಅಂದಾಜು. ತನ್ನದು ಎನ್ನುವಂಥದ್ದು ಆಕೆಯ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಆದ್ದರಿಂದ ಚಿನ್ನದಿಂದಲೇ ಶುರುಮಾಡೋಣ ಎಂದೆ. ಮಹ್ರ್ ಹೆಂಡತಿಯ ಸ್ವತ್ತು. ಕುರ್‌ಆನಿನ ನಾಲ್ಕನೇ ಅಧ್ಯಾಯದ 4ನೇ ವಚನ ಅದನ್ನು ನೇರವಾಗಿ ಹೇಳುತ್ತದೆ, ಅವಳಾಗಿ ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಗಂಡನಿಗೆ. ಅದೇ ಅಧ್ಯಾಯದ 32ನೇ ವಚನದಲ್ಲಿ ಹೆಂಗಸರು ಗಳಿಸಿದ್ದರಲ್ಲಿ ಅವರಿಗೆ ಪಾಲಿದೆ ಎಂಬ ಮಾತಿದೆ. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯಂತೂ ಹೆಂಡತಿಯ ಆಸ್ತಿಯನ್ನು ಗಂಡ ವಿಲೇವಾರಿ ಮಾಡುವುದನ್ನು ಕ್ರೌರ್ಯದ ಸಾಲಿಗೇ ಸೇರಿಸಿದೆ. ಸಫಿಯಾಗೆ ವಿಚ್ಛೇದನ ಬೇಡ, ಆ ಮಾತೆತ್ತಿದರೇ ಹೆದರುತ್ತಿದ್ದರು. ಇದು ತಿಳಿದಿರಲಿ, ಬೆದರಿಸಲು ಬಳಸಬೇಡಿ ಎಂದೆ. ಒಡವೆಗಳ ಪಟ್ಟಿ ತೂಕದ ಸಮೇತ ಬರೆಯಿರಿ, ಅಡವಿನ ಚೀಟಿಯ ಫೋಟೋ ತೆಗೆದಿಡಿ, ಮಸೀದಿಯ ಜಮಾಅತಿನ ನಿಕಾಹ್ (ಮದುವೆ) ಪುಸ್ತಕದಲ್ಲಿ ಮಹ್ರ್ ಎಷ್ಟೆಂದು ಬರೆದಿದೆಯೋ ಅದರ ನಕಲು ಪಡೆಯಿರಿ ಎಂದು ಸಲಹೆ ಕೊಟ್ಟೆ. ಬಿಡಿಸಿಕೊಡುವ ಗಡುವನ್ನು ಮೈದುನ ಬರೆದು ಕೊಡಲಿ, ಬಾಯಿಮಾತು ಸಾಲದು.

ಕೆಲಸದ ಪ್ರಶ್ನೆಗೆ ಗಂಡನನ್ನೇ ವಿಡಿಯೋ ಕರೆಯಲ್ಲಿ ಕೂರಿಸಿದೆ, ಮನೆಯವರು ಯಾರೂ ಇಲ್ಲದೆ. ಮೊದಲು ದೀನ್ ಎಂದರು. ಅದು ನನ್ನ ಕ್ಷೇತ್ರವಲ್ಲ, ನಿಮಗೆ ನಂಬಿಕೆಯಿರುವ ಮಸೀದಿಯ ಖತೀಬರನ್ನು (ಧರ್ಮಗುರು) ಕೇಳಿ ಎಂದೆ. ವ್ಯಾಪಾರ ನಡೆಸಿದ, ಪ್ರವಾದಿಯವರ ಪತ್ನಿ ಖದೀಜಾ ಬೀವಿಯ ಕಥೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನಿಜ ಬಾಯಿಗೆ ಬಂತು: ‘ಇವಳು ಶಾಲೆಗೆ ಹೋದರೆ ಇವನ ಸಂಬಳ ಸಾಲುತ್ತಿಲ್ಲ ಅಂತಾರೆ ಊರವರು.’ ಪ್ರತಿ ತಿಂಗಳು ಕಳಿಸುವ ಹಣವೇ ಅವರ ಗಂಡಸುತನದ ಏಕೈಕ ಪುರಾವೆಯಾಗಿ ಉಳಿದಿತ್ತು. ಮಕ್ಕಳಿಗೆ ಅಪ್ಪ ಒಂದು ಪರದೆಯಾಗಿದ್ದರು. ಈ ಕಟ್ಟಳೆ ಗಂಡಸನ್ನೂ ಬಿಟ್ಟಿಲ್ಲ.

ಬ್ಯಾಂಕು, ಆಸ್ಪತ್ರೆ, ಶಾಲೆಯ ಪೋಷಕರ ಸಭೆ, ಕರೆಂಟ್ ಬಿಲ್ಲು ಇವೆಲ್ಲ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ. ‘ಅವಳೇ’ ಎಂದರು. ಹಾಗಾದರೆ ಹೊರಗೆ ಹೋಗುವುದರಲ್ಲಿ ಇವರಿಗೆ ತಕರಾರಿಲ್ಲ, ಸಂಬಳ ತರುವುದರಲ್ಲಿ ಮಾತ್ರ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಅವರಿಗೇ ನಗು ಬಂತು.

ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ಒಪ್ಪಂದವಾಯಿತು. ಮನೆ ಖರ್ಚು ಮೊದಲಿನಂತೆ ಗಂಡನದೇ, ಆಕೆಯ ಸಂಬಳ ಆಕೆಯ ಖಾತೆಗೆ. ಬೆಳಗಿನ ಅಡುಗೆಯನ್ನು ಓರಗಿತ್ತಿಯರಿಬ್ಬರು ಸರದಿಯಲ್ಲಿ ನೋಡಿಕೊಳ್ಳಬೇಕು. ಈ ಕೊನೆಯದಕ್ಕೇ ಹೆಚ್ಚು ಚರ್ಚೆ ನಡೆದದ್ದು. ಅತ್ತೆಯಲ್ಲಿ ಅನುಮತಿ ಕೇಳಬೇಡಿ, ಅವರ ಬೀಡಿ ದಿನಗಳ ಬಗ್ಗೆ ಕೇಳಿ ಎಂದು ಸಫಿಯಾಗೆ ಹೇಳಿದೆ. ಕೇಳಿದರಂತೆ. ಅತ್ತೆ ಗಂಟೆಗಟ್ಟಲೆ ಮಾತಾಡಿದರು, ಕೆಲಸದ ವಿಷಯದಲ್ಲಿ ಮಾತ್ರ ಇನ್ನೂ ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ.

ಸಫಿಯಾಗೆ ಈಗ ನಿದ್ದೆ ಬರುತ್ತದೆ. ಅರ್ಧ ಚಿನ್ನ ವಾಪಸ್ಸಾಗಿದೆ. ಉಳಿದದ್ದು ಗಡುವಿಗೆ ಬರದಿದ್ದರೆ 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯನ್ನು ಕಾಣಬಹುದು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಅದನ್ನೂ ತಿಳಿಸಿದ್ದೇನೆ. ಮುಂದಿನ ಭೇಟಿ ಮಗಳ ಪಿಯುಸಿ ವಿಷಯಕ್ಕೆ. ಎಸ್ಸೆಸ್ಸೆಲ್ಸಿ ಸಾಕು ಎನ್ನುವ ಮಾತು ಆ ಮನೆಯಲ್ಲಿ ಈಗಾಗಲೇ ಶುರುವಾಗಿದೆ.