ದಾವಣಗೆರೆಯಲ್ಲಿ ಲೋಲಕ ಕಾಲು ಸುತ್ತು ತಿರುಗೋದು ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಂದು ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ, ಓದಿದ್ದು ಬಿ.ಕಾಂ. ಮಗಳು ಫಿಸಿಕ್ಸ್ ಎಂ.ಎಸ್ಸಿ. ಮಾಡ್ತಿದ್ದಾಳೆ. ಮೊನ್ನೆ ತಿಂಡಿ ತಿನ್ನುವಾಗ, ಉದ್ದಿನ ವಡೆ ಮತ್ತು ಹಿಡಿ ಇರೋ ಕಾಫಿ ಕಪ್ಪು ಎರಡೂ ಒಂದೇ, ಎರಡಕ್ಕೂ ಒಂದೇ ತೂತು, ಇದಕ್ಕೇ 2016ರಲ್ಲಿ ನೊಬೆಲ್ ಕೊಟ್ಟಿದ್ದು ಅಂದಳು. ತಮಾಷೆ ಮಾಡ್ತಿದ್ದಾಳಾ? ತೂತು ಎಣಿಸಿದರೆ ಫಿಸಿಕ್ಸ್ ಹೇಗಾಗುತ್ತೆ?

ಉತ್ತರ: ತಮಾಷೆ ಅಲ್ಲ, ಆದರೆ ಪೂರ್ತಿ ಹೇಳಿಲ್ಲ. ಆ ವರ್ಷ ಬಹುಮಾನ ಘೋಷಿಸಿದ ದಿನ ಸಮಿತಿಯವರೊಬ್ಬರು ಒಂದು ಬನ್ನು, ಒಂದು ತೂತಿನ ಬೇಗಲ್, ಎರಡು ತೂತಿನ ಪ್ರೆಟ್ಜೆಲ್ ಕೈಯಲ್ಲಿ ಹಿಡಿದು ಪಾಠ ಮಾಡಿದರು. ಅವತ್ತಿಂದ ಎಲ್ಲರೂ ತೂತಿನ ಹತ್ತಿರವೇ ನಿಂತುಬಿಟ್ಟಿದ್ದಾರೆ. ಥೌಲೆಸ್, ಹಾಲ್ಡೇನ್, ಕೋಸ್ಟರ್ಲಿಟ್ಜ್ ಮೂವರೂ ಸುಮ್ನೆ ತೂತು ಎಣಿಸಿ ನೊಬೆಲ್ ತಗೊಂಡವರಲ್ಲ. ನಾನು ವಡೆ ಬಿಟ್ಟು ತೂಗಾಡುವ ಲೋಲಕ ಮತ್ತು ಕಾಗದದ ಪೊಟ್ಟಣದಿಂದ ಶುರು ಮಾಡ್ತೀನಿ. ವಡೆ ಆಮೇಲೆ ತಾನಾಗೇ ಬರುತ್ತದೆ.

1851ರಲ್ಲಿ ಫೂಕೊ ಎಂಬವರು ಪ್ಯಾರಿಸ್‌ನ ಪ್ಯಾಂಥಿಯನ್ ಕಟ್ಟಡದಲ್ಲಿ 67 ಮೀಟರ್ ತಂತಿಗೆ 28 ಕೆ.ಜಿ. ಗುಂಡು ಕಟ್ಟಿ ತೂಗಿಬಿಟ್ಟರು. ಗುಂಡು ತೂಗುವ ಗೆರೆ ನಿಧಾನಕ್ಕೆ ಬಲಕ್ಕೆ ತಿರುಗುತ್ತಾ ಹೋಯಿತು. ಧ್ರುವದಲ್ಲಿ ದಿನಕ್ಕೆ ಪೂರ್ತಿ ಒಂದು ಸುತ್ತು, ಭೂಮಧ್ಯರೇಖೆಯಲ್ಲಿ ಏನೂ ಇಲ್ಲ. ನಡುವೆ ಎಲ್ಲಿದ್ದರೂ 360 ಡಿಗ್ರಿಯನ್ನು ಆ ಊರಿನ ಅಕ್ಷಾಂಶದ ಸೈನ್‌ನಿಂದ ಗುಣಿಸಬೇಕು. ದಾವಣಗೆರೆ ಇರೋದು ಸುಮಾರು ಹದಿನಾಲ್ಕೂವರೆ ಡಿಗ್ರಿಯಲ್ಲಿ, ಅದರ ಸೈನ್ ಹೆಚ್ಚುಕಡಿಮೆ ಕಾಲು. ಅಂದರೆ ನಮ್ಮೂರಲ್ಲಿ ದಿನಕ್ಕೆ 90 ಡಿಗ್ರಿ. ಇವತ್ತು ಬೆಳಿಗ್ಗೆ ಉತ್ತರ-ದಕ್ಷಿಣ ತೂಗುತ್ತಿದ್ದ ಗುಂಡು ನಾಳೆ ಬೆಳಿಗ್ಗೆ ಪೂರ್ವ-ಪಶ್ಚಿಮ ತೂಗುತ್ತಿರುತ್ತದೆ. ಬೇರೆ ಊರಿನವರಿಗೆ ಇಷ್ಟು ಸಲೀಸಾದ ಲೆಕ್ಕ ಸಿಗಲ್ಲ!

ಯಾರೂ ಅದನ್ನು ಪಕ್ಕಕ್ಕೆ ನೂಕಿಲ್ಲ. ಮತ್ತೆ ತಿರುಗಿದ್ದು ಹೇಗೆ?

ದುಂಡಗೆ ಕತ್ತರಿಸಿದ ಕಾಗದವನ್ನು ನಾಲ್ಕು ಪಾಲು ಮಾಡಿ ಒಂದು ಪಾಲು ತಗೊಳ್ಳಿ. ಅದರ ಒಂದು ನೇರ ಅಂಚಿಗೆ ಸಮಾನಾಂತರವಾಗಿ ಕಾಗದದ ತುಂಬಾ ಬಾಣ ಬರೆಯಿರಿ. ಒಂದೂ ತಿರುಗಿರಬಾರದು, ಎಲ್ಲಾ ಒಂದೇ ದಿಕ್ಕು. ಈಗ ಎರಡು ನೇರ ಅಂಚು ಕೂಡಿಸಿ ಗಮ್ ಹಚ್ಚಿ, ಕಡಲೆಕಾಯಿ ಮಾರುವವರು ಪೊಟ್ಟಣ ಸುತ್ತುತ್ತಾರಲ್ಲ, ಹಾಗೆ. ಅಂಟಿಸಿದ ಗೆರೆ ನೋಡಿ. ಒಂದು ಬದಿಯ ಬಾಣ ಗೆರೆಯ ಉದ್ದಕ್ಕಿದೆ, ಇನ್ನೊಂದು ಬದಿಯದ್ದು ಅಡ್ಡಕ್ಕೆ. ಸರಿಯಾಗಿ 90 ಡಿಗ್ರಿ. ಇಂಥ ಒಂದು ದೊಡ್ಡ ಪೊಟ್ಟಣವನ್ನು ಭೂಮಿಗೆ ಟೋಪಿ ಹಾಕಿದರೆ ಅದು ಭೂಮಿಯ ಮೈ ಮುಟ್ಟೋದು ನಮ್ಮ ದಾವಣಗೆರೆಯ ಅಕ್ಷಾಂಶದಲ್ಲೇ. ಬಾಣಗಳು ಲೋಲಕದ ದಿಕ್ಕು. ಹೆಜ್ಜೆಹೆಜ್ಜೆಗೂ ನೇರವಾಗೇ ಹೋಗಿದೆ, ಆದರೂ ಭೂಮಿಯ ಜೊತೆ ತಿರುಗಿ ಊರು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ದಿಕ್ಕು ಬದಲಾಗಿದೆ. ತಪ್ಪು ಬಾಣದ್ದಲ್ಲ, ದಾರಿಯ ಆಕಾರದ್ದು. ಫಿಸಿಕ್ಸ್‌ನೊಳಗೆ ಆಕಾರದ ಲೆಕ್ಕ, ಅಂದರೆ ಜ್ಯಾಮಿತಿ, ಬರೋದು ಹೀಗೆ.

ಬೆಳಕಿಗೂ ಇದು ಆಗುತ್ತದೆ ಅಂತ 1956ರಲ್ಲಿ ತೋರಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ. ಆಗಿನ್ನೂ ಇಪ್ಪತ್ತೆರಡರ ಆಸುಪಾಸಿನ ಹುಡುಗ. ಬೆಳಕಿನ ಅಲೆ ಯಾವ ಕಡೆ ಕಂಪಿಸುತ್ತದೆ ಅನ್ನೋದನ್ನು ಒಂದು ಗೋಳದ ಮೇಲಿನ ಚುಕ್ಕೆ ಅಂತ ಗುರುತು ಹಾಕಬಹುದು. ಆ ಚುಕ್ಕೆಯನ್ನು ಗೋಳದ ಮೇಲೆ ಸುತ್ತಾಡಿಸಿ ಹೊರಟಲ್ಲಿಗೇ ತಂದರೆ, ಅಲೆ ಮಾತ್ರ ಒಂದಿಷ್ಟು ಮುಂದೆಯೋ ಹಿಂದೆಯೋ ಸರಿದಿರುತ್ತದೆ. ಎಷ್ಟು ಅನ್ನೋದು ಆ ಸುತ್ತಿನೊಳಗೆ ಗೋಳದ ಎಷ್ಟು ಭಾಗ ಸಿಕ್ಕಿದೆ ಅನ್ನೋದರ ಮೇಲೆ. 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರ್ರಿ ಇದನ್ನೇ ಕ್ವಾಂಟಮ್ ಲೋಕಕ್ಕೆಲ್ಲ ಅನ್ವಯಿಸುವ ಹಾಗೆ ಹೇಳಿದಾಗ ಅವರಿಗೆ ಪಂಚರತ್ನಂ ಕೆಲಸ ಗೊತ್ತಿರಲಿಲ್ಲ. 1986ರಲ್ಲಿ ಬೆಂಗಳೂರಿನ ರಾಮಶೇಷನ್ ಮತ್ತು ನಿತ್ಯಾನಂದ ಅದನ್ನು ಎತ್ತಿ ತೋರಿಸಿದರು, ಬೆರ್ರಿಯವರೂ ಮನಸಾರೆ ಒಪ್ಪಿ ಬರೆದರು. ಪಂಚರತ್ನಂ 1969ರಲ್ಲೇ, 35ರ ವಯಸ್ಸಿಗೇ ತೀರಿಕೊಂಡಿದ್ದರು. ನಮ್ಮ ಕಾಲೇಜುಗಳಲ್ಲಿ ಈಗಲೂ ಬರೀ ಬೆರ್ರಿ ಹೆಸರು ಹೇಳಿ ಮುಂದೆ ಹೋಗ್ತಾರೆ, ನನಗಂತೂ ಸಿಟ್ಟು ಬರುತ್ತದೆ.

ಈಗ ಟೋಪಾಲಜಿ, ಅಂದರೆ ಆಕಾರವನ್ನು ಅಮುಕಿದರೂ ಎಳೆದರೂ ಬದಲಾಗದೆ ಉಳಿಯೋದರ ಲೆಕ್ಕ. ಬೆಳಕಿನ ಹಾಗೇ ಲೋಲಕದ ತಿರುವೂ ಸುತ್ತಿನೊಳಗೆ ಗೋಳದ ಎಷ್ಟು ಭಾಗ ಸಿಕ್ಕಿದೆ ಅನ್ನೋದರ ಮೇಲೆ. ದಾವಣಗೆರೆ ಹಾಕುವ ಸುತ್ತಿನ ಒಳಗೆ ಭೂಮಿಯ ಉತ್ತರ ಭಾಗ ಇದೆ ಅಂತ ಹಿಡಿದು ಲೆಕ್ಕ ಹಾಕಿದರೆ ಲೋಲಕ ಎಡಕ್ಕೆ 270 ಡಿಗ್ರಿ ತಿರುಗಬೇಕು. ಎಡಕ್ಕೆ 270 ಅಂದರೂ ಬಲಕ್ಕೆ 90 ಅಂದರೂ ನಿಲ್ಲೋದು ಒಂದೇ ಕಡೆ, ಸರಿ. ಆದರೆ ಒಳಗೆ ಇರೋದು ಉತ್ತರವೇ ಅಂತ ಯಾರು ಹೇಳಿದ್ದು? ದಕ್ಷಿಣ ಭಾಗವನ್ನೇ ಒಳಗು ಅಂತ ಹಿಡಿದರೆ ಬಲಕ್ಕೆ 450 ಬರುತ್ತದೆ, ಅಂದರೆ ಒಂದು ಪೂರ್ತಿ ಸುತ್ತು ಮತ್ತು 90. ಲೋಲಕ ಒಂದೇ, ನಿಂತ ದಿಕ್ಕೂ ಒಂದೇ. ಹಾಗಾಗಿ ಎರಡು ಲೆಕ್ಕದ ನಡುವಿನ ಅಂತರ ಪೂರ್ತಿ ಸುತ್ತುಗಳೇ ಆಗಿರಬೇಕು. 270 ಮತ್ತು 450 ಸೇರಿ 720, ಎರಡು ಸುತ್ತು. ಭೂಮಿಯನ್ನು ಅಲ್ಲಿ ಇಲ್ಲಿ ಅಮುಕಿ, ಇನ್ನೊಂದು ಹಿಮಾಲಯ ಎಬ್ಬಿಸಿ, ಒಂದೊಂದು ಊರಿನ ತಿರುವು ಬದಲಾಗಬಹುದು, ಒಟ್ಟು ಮಾತ್ರ ಎರಡೇ. ಒಂದೂ ಮುಕ್ಕಾಲು ಆಗೋ ಹಾಗಿಲ್ಲ. ವಡೆಯ ಮೈಮೇಲೆ ಇದೇ ಲೆಕ್ಕ ಹಾಕಿದರೆ ಹೊರ ಅಂಚಿನ ಉಬ್ಬು ತೂತಿನ ಸುತ್ತಲಿನ ಬಾಗಿಗೆ ವಜಾ ಆಗಿ ಸೊನ್ನೆ ಬರುತ್ತದೆ. ಮಗಳು ಹೇಳಿದ ತೂತು ಬಂದಿದ್ದು ಇಲ್ಲಿ.

ಇದರಿಂದ ಏನು ಲಾಭ ಅಂತೀರಾ? 1980ರಲ್ಲಿ ಕ್ಲಾಸ್ ಫಾನ್ ಕ್ಲಿಟ್ಜಿಂಗ್ ಗ್ರೆನೋಬಲ್‌ನಲ್ಲಿ ಒಂದು ಸಿಲಿಕಾನ್ ಟ್ರಾನ್ಸಿಸ್ಟರನ್ನು ವಿಪರೀತ ತಣ್ಣಗೆ ಮಾಡಿ, ಬಲವಾದ ಅಯಸ್ಕಾಂತದೊಳಗೆ ಇಟ್ಟು ಕರೆಂಟ್ ಹರಿಸಿದರು. ಕರೆಂಟಿಗೆ ಅಡ್ಡಲಾಗಿ ಅಳೆದ ರೆಸಿಸ್ಟೆನ್ಸ್ ಮೆಟ್ಟಿಲು ಮೆಟ್ಟಿಲಾಗಿ ಬಂತು, 25,812.807 ಓಮ್ ಅನ್ನು 1, 2, 3 ಹೀಗೆ ಪೂರ್ಣ ಸಂಖ್ಯೆಗಳಿಂದ ಭಾಗಿಸಿದ ಹಾಗೆ. ತುಂಡು ಸಣ್ಣದಿರಲಿ ದೊಡ್ಡದಿರಲಿ, ಒಳಗೆ ಕಲ್ಮಶ ಇರಲಿ, ಮೆಟ್ಟಿಲು ಅಲುಗಲಿಲ್ಲ. ಇದಕ್ಕೆ 1985ರ ನೊಬೆಲ್. ಕಾರಣ ಹೇಳಿದವರು ಥೌಲೆಸ್ ಮತ್ತು ಮೂವರು ಜೊತೆಗಾರರು, 1982ರಲ್ಲಿ. ಹರಳಿನೊಳಗೆ ಎಲೆಕ್ಟ್ರಾನಿನ ಮೊಮೆಂಟಮ್, ಅಂದರೆ ಅದರ ಓಟದ ಜೋರು ಮತ್ತು ದಿಕ್ಕು, ಒಂದು ಕಡೆ ಗಡಿ ದಾಟಿದರೆ ಎದುರು ಕಡೆಯಿಂದ ಒಳಗೆ ಬರುತ್ತದೆ. ಎಡ-ಬಲಕ್ಕೂ ಹಾಗೇ, ಮೇಲೆ-ಕೆಳಗೂ ಹಾಗೇ. ಚೌಕದ ಎದುರು ಬದುರಿನ ಅಂಚುಗಳನ್ನು ಹೀಗೆ ಕೂಡಿಸಿದರೆ ಸಿಗೋ ಆಕಾರ ಯಾವುದು ಹೇಳಿ? ವಡೆಯ ಮೈ! ಆ ಮೈಮೇಲೆ ಎಲೆಕ್ಟ್ರಾನ್ ಅಲೆ ನಮ್ಮ ಬಾಣದ ಹಾಗೆ ಚೂರುಚೂರು ತಿರುಗುತ್ತದೆ. ವಡೆಯ ಮೈಗೆ ಕೊನೆ ಅಂತ ಇಲ್ಲ, ಹಾಗಾಗಿ ಒಟ್ಟು ತಿರುವು ಪೂರ್ತಿ ಸುತ್ತುಗಳಲ್ಲೇ ಬರಬೇಕು. ಇಲ್ಲಿ ಎಣಿಸೋದು ವಡೆಯ ಬಾಗನ್ನಲ್ಲ, ಅದರ ಮೇಲೆ ಅಲೆ ತಿರುಗಿದ್ದನ್ನು. ಅದಕ್ಕೇ ಉತ್ತರ ಯಾವಾಗಲೂ ಸೊನ್ನೆ ಅಲ್ಲ, 1, 2, 3 ಎಲ್ಲ ಬರಬಹುದು. ಮೆಟ್ಟಿಲುಗಳಲ್ಲಿ ಭಾಗಿಸಿದ್ದು ಇದೇ ಸಂಖ್ಯೆಯಿಂದ.

ನಿಮ್ಮ ಅಂಗಡಿಯಲ್ಲಿ ಮೊಳೆ ತೂಗುವ ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸ್ತೀರಲ್ಲ, ಹಾಗೆ ಓಮ್ ಅಳೆಯೋ ಉಪಕರಣಗಳನ್ನೂ ಒಂದು ಅಸಲಿಗೆ ಹೋಲಿಸಿ ನೋಡಬೇಕು. 1990ರಿಂದ ಪ್ರಪಂಚದ ದೊಡ್ಡ ಲ್ಯಾಬುಗಳಿಗೆ ಆ ಅಸಲು ಈ ಮೆಟ್ಟಿಲುಗಳೇ. ಸವೆಯಲ್ಲ, ತುಕ್ಕು ಹಿಡಿಯಲ್ಲ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಹೈಸ್ಕೂಲ್ ಮೇಷ್ಟ್ರು. ನಿಮ್ಮ ಲೋಲಕ ನಮ್ಮ ಶಾಲೆಯಲ್ಲಿ ತೋರಿಸಬಹುದಾ? ಇನ್ನೊಂದು, ನಮ್ಮ ಏಳು ಸುತ್ತಿನ ಕೋಟೆಯನ್ನು ಟೋಪಾಲಜಿಗೆ ಉದಾಹರಣೆ ಕೊಡಬಹುದಾ?

ಉತ್ತರ: ಕೋಟೆ ಬೇಡ ಮೇಷ್ಟ್ರೇ. ಅಲ್ಲಿ ಸುತ್ತು ಅಂದರೆ ಒಂದರೊಳಗೊಂದು ಗೋಡೆ. ಟೋಪಾಲಜಿಯ ಸುತ್ತು ಕಂಬಕ್ಕೆ ಹಗ್ಗ ಸುತ್ತಿ ಎರಡೂ ತುದಿ ಸೇರಿಸಿ ಗಂಟು ಹಾಕಿದಂತೆ: ಮೂರು ಇರಬಹುದು, ನಾಲ್ಕು ಇರಬಹುದು, ಮೂರೂವರೆ ಇರಲ್ಲ.

ಲೋಲಕ ಮಾಡಬಹುದು. ನಿಮ್ಮಲ್ಲಿ ದಿನಕ್ಕೆ 88 ಡಿಗ್ರಿ ಚಿಲ್ಲರೆ. 45 ನಿಮಿಷದ ಪಿರಿಯಡ್ಡಿನಲ್ಲಿ 3 ಡಿಗ್ರಿಯೂ ಇಲ್ಲ, ನಡುವಿನಿಂದ ಅರ್ಧ ಮೀಟರ್ ದೂರದಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಸರಿದಿರುತ್ತದೆ. ಅಷ್ಟು ಕಾಣುತ್ತೆ. ನಾನೊಮ್ಮೆ ಮೆಟ್ಟಿಲ ಸಂದಿಯಲ್ಲಿ 4 ಮೀಟರ್ ತಂತಿ ಇಳಿಬಿಟ್ಟು ಕೈಯಿಂದಲೇ ಗುಂಡು ಬಿಟ್ಟೆ. ಕಾಲು ಗಂಟೆಯಲ್ಲಿ ಗೆರೆ ಹೋಗಿ ಮೊಟ್ಟೆ ಆಕಾರ ಆಯ್ತು, ಹುಡುಗರೆಲ್ಲ ನಕ್ಕರು. ಕೈಯಿಂದ ಬಿಟ್ಟರೆ ಗುಂಡಿಗೆ ಚೂರಾದರೂ ಅಡ್ಡ ನೂಕು ಬಿದ್ದೇ ಬೀಳುತ್ತದೆ. ಫೂಕೊ ಮಾಡಿದ ಹಾಗೆ ಮಾಡಿ: ಗುಂಡನ್ನು ಪಕ್ಕಕ್ಕೆ ಎಳೆದು ನೂಲಿನಿಂದ ಗೋಡೆಗೆ ಕಟ್ಟಿ, ಅಲುಗಾಟ ಪೂರ್ತಿ ನಿಲ್ಲೋ ತನಕ ಕಾಯಿರಿ, ಆಮೇಲೆ ಬೆಂಕಿಕಡ್ಡಿಯಿಂದ ನೂಲು ಸುಡಿ. ತಂತಿ ಎಷ್ಟು ಉದ್ದ ಸಿಕ್ಕರೆ ಅಷ್ಟು ಒಳ್ಳೆಯದು. ಫ್ಯಾನ್ ಮಾತ್ರ ಆಫ್ ಮಾಡಿಸಿ.